ಲಿಡೋಕೇನ್ 5% ಪ್ಯಾಚ್: ನರ ಕೊಯ್ದ ಕೈಗಿ ಹಚ್ಚಿ ನೋಡಿದ್ದು, ಕಲಬುರಗಿ ಬಿಸಿಲಿನ ಸಮೇತ

ಮೊದಲೇ ಹೇಳಿಬಿಡ್ತೀನ್ರಿ, ಇದು ನಡ ಹಿಡಿದಾಗ, ಮೊಣಕಾಲ್ ಹರಿಯೋವಾಗ ಹಚ್ಚೋ ಪ್ಲಾಸ್ಟರ್ ಅಲ್ಲ, ಪೆಟ್ಟು ತಿಂದ ನರದ ಉರಿಗಿ ಚರ್ಮದ ಮ್ಯಾಲ ಹಚ್ಚೋ ಔಷಧದ ಪಟ್ಟಿ. ಅಂಥಾ ಬ್ಯಾನಿಗಿ ಇದನ್ನ ತಗೊಂಡು "ಏನೂ ಫಾಯ್ದಾ ಇಲ್ಲ, ರೊಕ್ಕ ಹಾಳು" ಅಂತ ಒಂದು ಸ್ಟಾರ್ ಕೊಟ್ಟವ್ರ ರಿವ್ಯೂ ಭಾಳ ಓದೀನಿ, ಅದಕ್ಕೇ ಇಷ್ಟುದ್ದ ಬರೀಲತ್ತೀನಿ. ಲಿಡೋಕೇನ್ 5% ಅಂತ ಪಾಕೀಟಿನ ಮ್ಯಾಲ ಇರ್ತದ, ನಾವು ತಂದಿದ್ದು 10 ಸೆಂಟಿಮೀಟರ್ ಅಗಲ, 14 ಸೆಂಟಿಮೀಟರ್ ಉದ್ದ, ಒಂದರಾಗ 700 ಮಿಲಿಗ್ರಾಂ ಔಷಧ. ಬಿಳಿ ಬಟ್ಟಿ, ಅದರ ಹಿಂದ ತಣ್ಣಗಿನ ಜೆಲ್. ಕಂಪನಿ ಹೆಸರು ಹೇಳಂಗಿಲ್ಲ, ಬ್ಯಾರೆ ಬ್ಯಾರೆ ಕಂಪನೀವು ಸಿಗ್ತಾವ, ಒಳಗಿನ ಔಷಧ ಒಂದೇ.

ನಮ್ಮನಿಯವ್ರು ಶಹಾಬಾದ್ ಕಡಿ ಫರ್ಸಿ ಕಲ್ಲು ಪಾಲಿಶ್ ಮಾಡೋ ಕಡಿ ಕೆಲಸಕ್ಕಿದ್ದಾರ. ಕಟರ್ ಬ್ಲೇಡ್ ಜಾರಿ ಎಡಗೈ ಮಣಿಕಟ್ಟು, ಹೆಬ್ಬಟ್ಟಿನ ಬಾಜೂಕ ಕೊಯ್ತು. ಹೊಲಿಗಿ ಹಾಕಿದ್ರು, ಗಾಯ ಛಂದಾಗೇ ಒಣಗ್ತು, ಈಗ ನೋಡಿದ್ರ ಅಲ್ಲೊಂದು ಸಣ್ಣ ಬಿಳಿ ಗೆರಿ, ಅಷ್ಟೇ. ಆದ್ರ ಖರೆ ತ್ರಾಸ ಶುರು ಆಗಿದ್ದೇ ಗಾಯ ಒಣಗಿದ್ಮ್ಯಾಲ. ಅಂಗಿ ತೋಳು ಸವರಿದ್ರ ಉರಿ, ಫ್ಯಾನಿನ ಗಾಳಿ ಬಡಿದ್ರ ಉರಿ, ಗಾಡಿ ಮ್ಯಾಲ ಮನಿಗಿ ಬರೋವಾಗ ಎದುರು ಗಾಳಿ ತಡಿಲಾರದ ಕೈಗಿ ಟವೆಲ್ ಸುತ್ಕೊಂಡು ಬರ್ತಿದ್ರು, ಆ ಟವೆಲ್ ಗಟ್ಟಿ ಕಟ್ಟಿದ್ರ ಆರಾಮ ಅಂತಿದ್ರು, ಸಡಿಲಾಗಿ ಅದರ ಅಂಚು ಚರ್ಮದ ಮ್ಯಾಲ ಅಲ್ಲಾಡ್ತು ಅಂದ್ರ ಹಲ್ಲು ಕಚ್ಚಿಕೊಂಡು ಗಾಡಿ ನಿಂದರಿಸೋರು. ರಾತ್ರಿ ಯಾರೂ ಮುಟ್ಟದೇ ಇದ್ರೂ ಮಣಿಕಟ್ಟಿಂದ ಹೆಬ್ಬಟ್ಟಿನ ಹಿಂಬದಿ ತನಕ ಶಾಕ್ ಹೊಡ್ದಂಗ ಚುಳುಕ್ ಅನ್ನೋದು. ಅದರಾಗೂ ವಿಚಿತ್ರ ಏನಂದ್ರ ಅದೇ ಜಾಗಾದಾಗ ಸೂಜಿಯಿಂದ ಚುಚ್ಚಿದ್ರ ಪೂರಾ ಗೊತ್ತಾಗಲ್ಲ, ಜೋಮು ಹಿಡಿದಂಗ ಇರ್ತದ. ನಮ್ಮತ್ತಿ "ಗಾಯ ಮಾಯ್ದು ಎಷ್ಟ್ ದಿನ ಆತು, ಇನ್ನೆಲ್ಲಿ ಬ್ಯಾನಿ ತಮ್ಮಾ, ಮನಸಿಗಿ ಹಚ್ಕೋಬ್ಯಾಡ" ಅಂತಿದ್ರು, ಕಾರ್ಖಾನಿದಾಗ ಅಂತೂ ಕೆಲಸ ಕದಿಯೋ ನಾಟಕ ಅಂದ್ರು.

ಡೈಕ್ಲೋಫೆನಾಕ್ ಜೆಲ್ ಹಚ್ಚಿದ್ವಿ, ಅದೇ ಜಾತಿ ಗುಳಿಗಿ ನುಂಗಿದ್ರು, ಹೊಟ್ಟಿ ಉರಿ ಬಂತೇ ಹೊರತು ಕೈ ಉರಿ ಹೋಗಲಿಲ್ಲ. ಈ ಜಾತಿ ಔಷಧ ಕೆಲಸ ಮಾಡೋದು ಪ್ರೊಸ್ಟಾಗ್ಲಾಂಡಿನ್ ಅನ್ನೋ ವಸ್ತು ತಯಾರಾಗೋದನ್ನ ತಡದು. ಬಾವು ಬಂದಲ್ಲಿ, ಉಳುಕಿದಲ್ಲಿ ಅದು ಸರಿ. ನಮ್ಮನಿಯವ್ರ ಕೈದಾಗ ಬಾವೂ ಇಲ್ಲ ಕೆಂಪೂ ಇಲ್ಲ, ತಡಿಯೋದಕ್ಕ ಅಲ್ಲೇನಿತ್ತು?

ಕಡಿಗಿ ಕಲಬುರಗಿದಾಗ ಬ್ಯಾನಿ ನೋಡೋ ಡಾಕ್ಟರ್ ಒಬ್ರ ಕಡಿ ಹೋದ್ವಿ. ಅವ್ರು ಮೊದಲಿಗಿ ಎಕ್ಸ್‌ರೇ ಎಂಆರ್‌ಐ ಏನೂ ಬರೀಲಿಲ್ಲ, ಅರಳಿ (ಹತ್ತಿ) ತುಣುಕು ತಗೊಂಡು ಕೈ ಮ್ಯಾಲ ಸವರಿದ್ರು, ಇವ್ರು ಕೈ ಎಳ್ಕೊಂಡ್ರು. ಪಿನ್ನಿನ ತುದಿ ಇಟ್ರು, ಅದು ಇವ್ರಿಗಿ ಮೊಂಡ ಅನ್ನಿಸ್ತು. ಆಮ್ಯಾಲ ಗೆರಿ ಇರೋ ಜಾಗಾ ಬೆರಳಿನಿಂದ ಮೆಲ್ಲಕ ಬಡಿದ್ರು ನೋಡ್ರಿ, ಹೆಬ್ಬಟ್ಟಿನ ಹಿಂದ ತನಕ ಝಳ್ ಅಂತು, ಕುರ್ಚಿಯಿಂದ ಎದ್ದೇಬಿಟ್ರು. ಇದಕ್ಕ ಟಿನೆಲ್ ಚಿಹ್ನೆ ಅಂತಾರ, 1915ರಾಗ ಫ್ರಾನ್ಸಿನ ಜೂಲ್ಸ್ ಟಿನೆಲ್ ಯುದ್ಧದಾಗ ನರ ಕತ್ತರಿಸಿದ ಸೈನಿಕರನ್ನ ನೋಡಿ ಬರ್ದಿಟ್ಟ ಪರೀಕ್ಷೆ, ಇವತ್ತಿಗೂ ಅದಕ್ಕ ಬೇಕಾಗಿದ್ದು ಒಂದು ಬೆರಳು ಮಾತ್ರ. ಜೋಡಿಗಿ ಡಿಎನ್4 ಅಂತ ಒಂದು ಪ್ರಶ್ನಾವಳಿ: ಉರಿ ಅದ ಏನು, ಥಂಡಿ ನೋವು ಅದ ಏನು, ಶಾಕ್, ಜುಮುಜುಮು, ತುರಿಕಿ, ಹಿಂಗ 10 ಅಂಶ, 4 ಅಥವಾ ಜಾಸ್ತಿ ಬಂದ್ರ ನರದ್ದೇ ಬ್ಯಾನಿ ಇರಬಹುದು ಅಂತ ಲೆಕ್ಕ. ಇವ್ರಿಗಿ ಆರಾಮಾಗಿ ದಾಟ್ತು. ಕೊಯ್ದಿದ್ದು ಸೂಪರ್‌ಫಿಶಿಯಲ್ ರೇಡಿಯಲ್ ಅನ್ನೋ ನರ, ಹೆಬ್ಬಟ್ಟಿನ ಬಾಜೂಕ ಚರ್ಮದ ಕೆಳಗೇ ಹೋಗ್ತದ, ಕೈ ಆಡಿಸೋ ಕೆಲಸ ಅದಕ್ಕಿಲ್ಲ, ಬರೇ ಸ್ಪರ್ಶ, ಬಿಸಿ, ಥಂಡಿ, ನೋವಿನ ಸುದ್ದಿ ಒಯ್ಯೋದು. ಹಂಗಾಗೇ ಬೆರಳೆಲ್ಲ ಆಡ್ತಿದ್ವು, ಯಾರೂ ನಂಬಲಿಲ್ಲ.

ನಾ ಹೈಸ್ಕೂಲಿನಾಗ ವಿಜ್ಞಾನ ಹೇಳಾಕಿ, ಸುಮ್ನ ಕೂಡೋ ಪೈಕಿ ಅಲ್ಲ. "ಸರ್, ಗಾಯಾನೇ ಇಲ್ಲಲ್ಲ, ಮತ್ತ ನೋವಿನ ನರಕ್ಕ ಸುದ್ದಿ ಕೊಡೋರ್ಯಾರು?" ಅಂತ ಕೇಳೇಬಿಟ್ಟೆ. ಅವ್ರು ನಕ್ಕು "ಅಕ್ಕೋರೆ, ಯಾರೂ ಕೊಡಲತ್ತಿಲ್ಲ, ಅದೇ ಹುಟ್ಟಸಲತ್ತದ" ಅಂದ್ರು. ಹೊಲದಾಗ ಬೋರ್‌ವೆಲ್ಲಿಗಿ ಆಟೋಸ್ಟಾರ್ಟರ್ ಹಾಕಿರ್ತಾರಲ್ರಿ, ಯಾರೂ ಬಟನ್ ಒತ್ತದೇ ಮೋಟಾರ್ ತಾನೇ ಚಾಲೂ ಆಗ್ತದ, ಹಂಗ. ಮನಿಗಿ ಬಂದು ಓದ್ಕೊಂಡೆ, ಈ ಪ್ಯಾಚಿನ ಬೆಲಿ ತಿಳಿಬೇಕಂದ್ರ ಇದಿಷ್ಟು ಗೊತ್ತಿರಲೇಬೇಕು.

ನೋವು ತಿಳಿಯೋ ನರಕೋಶ ಅಂದ್ರ ಅದರ ಮೈ ಇರೋದು ಕೈದಾಗ ಅಲ್ಲ, ಬೆನ್ನುಹುರಿ ಬಾಜೂಕಿನ ಗಂಟಿನಾಗ, ಇವ್ರ ಕೇಸಿನಾಗ ಕುತ್ತಿಗಿ ಹತ್ರ. ಅಲ್ಲಿಂದ ಒಂದು ಎಳಿ ಇಳದು ಮಣಿಕಟ್ಟು ದಾಟಿ ಬೆರಳಿನ ತನಕ ಬರ್ತದ. ಸುಮ್ನ ಇದ್ದಾಗ ಕೋಶದ ಒಳಗ ಹೊರಗಿಗಿಂತ ಸುಮಾರು 60 ಮಿಲಿವೋಲ್ಟ್ ಕಮ್ಮಿ ಇರ್ತದ. ಕಾದ ಹಂಚು ಮುಟ್ಟಿದ್ರ, ಬ್ಲೇಡ್ ತಾಗಿದ್ರ ತುದಿಯಾಗ ಸೋಡಿಯಂ ಒಳಗ ನುಗ್ತದ, ಒಂದು ಮಿತಿ ದಾಟಿದ್ರ ಮಾತ್ರ ಸಿಡೀತದ, ಆ ಸಂಕೇತ ಬೆನ್ನುಹುರಿಗಿ ಹೋಗ್ತದ. ನೋವಿನ ಎಳಿ ಎರಡು ಥರ: ತೆಳು ಸಿ ಎಳಿಯಾಗ ಸೆಕೆಂಡಿಗಿ ಬರೇ 1 ಮೀಟರಿನ ಆಸುಪಾಸು, ಎ-ಡೆಲ್ಟಾ ಅನ್ನೋದರಾಗ ಅದರ ಎಷ್ಟೋ ಪಟ್ಟು ಜಲ್ದಿ, ಅದಕ್ಕೇ ಸುಟ್ಟಾಗ ಮೊದಲ ಚುರ್ ಅಂತದ, ಉರಿ ಹಿಂದಿಂದ ಬರ್ತದ. ಆ ಮಿತಿ ಭಾಳ ಮುಖ್ಯ ರಿ. ಸೀರಿ ಸೆರಗು ತಾಗಿದ್ರ, ಗಾಳಿ ಬಡಿದ್ರ ಈ ಕೋಶ ಸಿಡಿಯಬಾರದು, ಅದಕ್ಕೇ ಪೊಟ್ಯಾಸಿಯಂ ಚಾನಲ್‌ಗಳು (ಚಾನಲ್ ಅಂದ್ರ ಕೋಶದ ಪೊರಿಯಾಗ ಸೋಡಿಯಂ, ಪೊಟ್ಯಾಸಿಯಂ ಹಾಯೋ ಸಣ್ಣ ಬಾಗಲು) ಅದನ್ನ ಹಿಡಿದಿಟ್ಟಿರ್ತಾವ.

ಎಳಿ ಕತ್ತರಿಸಿತು ಅಂದ್ರ ಎಲ್ಲಾ ಲೆಕ್ಕ ತಪ್ತದ. ತುಂಡಾದ ತುದಿ ಮತ್ತ ಬೆಳಿಲತ್ತದ, ದಿನಕ್ಕ ಹೆಚ್ಚೂಕಮ್ಮಿ 1 ಮಿಲಿಮೀಟರ್, ದಾರಿ ಸಿಕ್ಕರ ಮುಂದ ಹೋಗಿ ಚರ್ಮ ಮುಟ್ತದ, ಸಿಗದಿದ್ರ ಗಾಯದ ಕಲೆ ಒಳಗೇ ಸುತ್ಕೊಂಡು ಗಂಟಾಗ್ತದ, ಅದೇ ನ್ಯೂರೋಮಾ. ಕುತ್ತಿಗಿ ಹತ್ರದ ಕೋಶ ಮಾತ್ರ ಸೋಡಿಯಂ ಚಾನಲ್ ಮಾಡಿ ಕೆಳಗ ಕಳಸ್ತಾನೇ ಇರ್ತದ, ಮುಂದ ಹೋಗೋದಕ್ಕ ಜಾಗಾ ಇಲ್ಲಲ್ಲ, ಎಲ್ಲಾ ಆ ತುಂಡು ತುದಿಯಾಗ ಬಂದು ಗುಂಪಾಗ್ತಾವ. ಅದರ ಮ್ಯಾಲ ಎನ್‌ಎವಿ1.3 ಅಂತ ಒಂದು ಜಾತಿ ಸೋಡಿಯಂ ಚಾನಲ್, ದೊಡ್ಡವರ ಈ ಕೋಶದಾಗ ಹೆಚ್ಚೂಕಮ್ಮಿ ಇರಂಗೇ ಇಲ್ಲ, ಹುಟ್ಟೋಕಿಂತ ಮೊದಲಿನ ಕಾಲದ್ದು, ಎಳಿ ಕತ್ತರಿಸಿದ ಪ್ರಾಣಿಗಳಾಗ ನೋಡಿದ್ರ ಅದು ಮತ್ತ ಕಾಣಿಸ್ಕೊಂಡಿರ್ತದ, ಒಮ್ಮಿ ಸಿಡಿದ್ಮ್ಯಾಲ ಜಲ್ದಿ ತಯಾರಾಗೋ ಗುಣ ಅದರದ್ದು, ಅಂದ್ರ ಸಾಲಾಗಿ ಪಟಪಟ ಸಿಡಿಯಾಕ ಅನುಕೂಲ. ಇತ್ತ ಹಿಡಿದಿಡೋ ಪೊಟ್ಯಾಸಿಯಂ ಚಾನಲ್ ಕಮ್ಮಿ ಆಗ್ತಾವ. ಮಿತಿ ಕೆಳಗ ಬಂತು, ಒಳಗಿನ ವೋಲ್ಟೇಜ್ ಅದರ ಹತ್ರ ಹತ್ರಾನೇ ಮ್ಯಾಲ ಕೆಳಗ ತೂಗಾಡ್ತದ, ಯಾವಾಗ ದಾಟ್ತದ ಆವಾಗ ಸಿಡೀತದ, ಮುಟ್ಟಿದ್ರೂ ಸರಿ ಮುಟ್ಟದಿದ್ರೂ ಸರಿ. 1974ರಾಗ ಪ್ಯಾಟ್ರಿಕ್ ವಾಲ್, ಮೈಕಲ್ ಗುಟ್ನಿಕ್ ಇಬ್ರು ಇಲಿ ನರದ ನ್ಯೂರೋಮಾದಿಂದ ಹಿಂಗ ತಾನೇ ಹುಟ್ಟೋ ಸಂಕೇತ ದಾಖಲು ಮಾಡಿ ತೋರಿಸ್ಯಾರ. ನಮ್ಮನಿಯವ್ರ ರಾತ್ರಿ ಚುಳುಕಿನ ಬಗ್ಗೆ ಅದನ್ನ ಓದಿ ಹೇಳಿದಾಗ ಅತ್ತಿ ಮೊದಲ ಸಲ "ಹಂಗಾದ್ರ ಖರೇನೇ ನೋಯ್ತದ ಅನ್ನು" ಅಂದ್ರು.

ಇನ್ನೊಂದು ಮಾತು, ಕತ್ತರಿಸಿದ ಎಳಿ ಅಷ್ಟೇ ಅಲ್ಲ, ಅದರ ಬಾಜೂಕ ಸುಮ್ನಿದ್ದ ಒಳ್ಳೆ ಎಳಿಗಳೂ ಕೆಡ್ತಾವ. ಸಾಯೋ ಎಳಿ ಸುತ್ತ ಸ್ವಚ್ಛ ಮಾಡಾಕ ಬಂದ ಕೋಶಗಳು ಬಾವು ಎಬ್ಬಿಸೋ ಟಿಎನ್‌ಎಫ್, ನರ ಬೆಳೆಸೋ ಎನ್‌ಜಿಎಫ್ ಅಂಥಾ ವಸ್ತು ಬಿಡ್ತಾವ, ಅವು ಒಳ್ಳೆ ಎಳಿಗಳ ಮಿತೀನೂ ಇಳಸ್ತಾವ. ಸೂಜಿ ಗೊತ್ತಾಗಲ್ಲ, ಅರಳಿ ಮಾತ್ರ ಉರೀತದ ಅನ್ನೋ ಒಗಟು ಇಲ್ಲಿ ಅರ್ಧ ಬಿಚ್ಚಿಕೊಳ್ತದ: ಚರ್ಮ ತಲುಪೋ ಎಳಿ ಕಮ್ಮಿ ಆಗ್ಯಾವ, ಅದಕ್ಕೇ ಜೋಮು, ಉಳಿದವು ಹುಚ್ಚೆದ್ದಾವ, ಅದಕ್ಕೇ ಉರಿ. ಇನ್ನರ್ಧ ಬೆನ್ನುಹುರಿದಾಗ, ಕೆಳಗಿಂದ ಒಂದೇ ಸಮ ಸಂಕೇತ ಬಂದು ಬಂದು ಅಲ್ಲಿನ ಕೋಶಗಳೂ ಸೂಕ್ಷ್ಮ ಆಗಿ, ಬರೇ ಸ್ಪರ್ಶದ ಎಳಿ ತಂದ ಸುದ್ದೀನೂ ನೋವು ಅಂತ ಮ್ಯಾಲ ಕಳಸ್ತಾವ. 1983ರಾಗ ಕ್ಲಿಫರ್ಡ್ ವುಲ್ಫ್ ಇದನ್ನ ತೋರಿಸಿದ್ರು.

ಈಗ ಪ್ಯಾಚಿಗಿ ಬರೋಣು.

ಲಿಡೋಕೇನ್ ಹೊಸದಲ್ಲ, 1943ರಾಗ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು, ಹಲ್ಲು ಕೀಳಿಸಿಕೊಂಡವರೆಲ್ಲ ಈ ಜಾತಿ ಇಂಜೆಕ್ಷನ್ ತಗೊಂಡಿರ್ತೀರಿ. ಸೋಡಿಯಂ ಚಾನಲ್ ಬಂದ್ ಮಾಡೋದೇ ಅದರ ಕೆಲಸ. ಇದರ ಒಂದು ಗುಣ ನನಗ ಭಾಳ ಸೇರ್ತು: ಸುಮ್ನ ಮುಚ್ಚಿಕೊಂಡು ಕೂತ ಚಾನಲ್ಲಿಗಿ ಅದು ಅಷ್ಟು ಗಟ್ಟಿ ಅಂಟಂಗಿಲ್ಲ, ತೆರೆದಿದ್ದಕ್ಕ, ಈಗಷ್ಟೇ ಸಿಡಿದು ದಣಿದಿದ್ದಕ್ಕ ಜಾಸ್ತಿ ಅಂಟ್ತದ. ಅಂದ್ರ ಯಾವ ಎಳಿ ಹಗಲೂ ರಾತ್ರಿ ಪಟಪಟ ಅನ್ನಲತ್ತದ ಅದಕ್ಕೇ ಮೊದಲ ಬೀಳ್ತದ ಪೆಟ್ಟು. ಅದಕ್ಕೇ ಪ್ಯಾಚಿನಿಂದ ಚರ್ಮದೊಳಗ ಇಳಿಯೋ ಅಷ್ಟು ಕಮ್ಮಿ ಔಷಧ ಕೈ ಪೂರಾ ಜಡ ಮಾಡಂಗಿಲ್ಲ, ಉರಿ ಮಾತ್ರ ಇಳಸ್ತದ. ನಾ ಮೊದಲ ದಿನ ಹಲ್ಲಿನ ಇಂಜೆಕ್ಷನ್ ಹಂಗ ಕೈ ಮರಗಟ್ಟತದ ಅಂತ ಕಾಯ್ದೆ, ಹಂಗೇನೂ ಆಗಲಿಲ್ಲ, ಪ್ಯಾಚ್ ಇದ್ದಾಗಲೂ ಚಾ ಬಿಸಿ ಗೊತ್ತಾಗ್ತಿತ್ತು. ಅಮೆರಿಕಾದಾಗ ಇದಕ್ಕ 1999ರಾಗ ಪರವಾನಗಿ ಸಿಕ್ಕಿದ್ದು ಸರ್ಪಸುತ್ತು ಮಾಯ್ದ್ಮ್ಯಾಲ ಉಳಿಯೋ ಉರಿಗಿ. ಕೊಯ್ದ ನರಕ್ಕ ಡಾಕ್ಟರು ತಮ್ಮ ಅಂದಾಜಿನ ಮ್ಯಾಲ ಬರಿತಾರ.

ಹಚ್ಚೋ ಪದ್ಧತಿ 12 ತಾಸು ಇಡೋದು, 12 ತಾಸು ಬಿಡೋದು. ಬ್ಯಾನಿ ಎಷ್ಟೇ ಇರಲಿ ಇಡೀ ದಿನ ಇಡಂಗಿಲ್ಲ. ಗಾಯ, ಕೊಯ್ತ, ಕೆರೆದ ಚರ್ಮದ ಮ್ಯಾಲ ಬ್ಯಾಡ, ಔಷಧ ಜಾಸ್ತಿ ಒಳಗ ಹೋಗ್ತದ. ಹಾರ್ಟ್ ಬಡಿತಕ್ಕ ಗುಳಿಗಿ ತಗೊಳೋರು, ಲಿವರ್ ತ್ರಾಸ ಇದ್ದವ್ರು ಕೇಳದೇ ಹಚ್ಚಬ್ಯಾಡ್ರಿ. ಬಿಸಿ ನೀರಿನ ಚೀಲ ಅದರ ಮ್ಯಾಲ ಇಡೋದಂತೂ ಬ್ಯಾಡೇ ಬ್ಯಾಡ.

ಬಿಸಿ ಅಂದ್ಕೂಡ್ಲೇ ನಮ್ಮೂರಿನ ಮಾತು ಬಂತು. ಏಪ್ರಿಲ್ ಮೇದಾಗ ಕಲಬುರಗಿದಾಗ 40 ಡಿಗ್ರಿ ದಾಟೋದು ಸುದ್ದೀನೇ ಅಲ್ಲ, ಈ ಪ್ಯಾಚ್ ಮಾಡಿದವ್ರು ಎಲ್ಲೋ ಎಸಿ ರೂಮಿನಾಗ ಕೂತು ಮಾಡ್ಯಾರ. ಹಗಲಿಗಿ ಹಚ್ಕೊಂಡು ಕೆಲಸಕ್ಕ ಹೋದ್ರ ಮಧ್ಯಾಹ್ನಕ್ಕ ಬೆವರಿಗಿ ಒಂದು ಮೂಲಿ ಏಳ್ತದ, ಎದ್ದ ಮೂಲಿಗಿ ಫರ್ಸಿ ಧೂಳು ಹತ್ತಿ ಬೂದು ಬಣ್ಣದ ಅಂಚಾಗ್ತದ, ಆ ಅಂಚು ಚರ್ಮಕ್ಕ ಉಜ್ತದ, ಯಾವ ಉರಿಗಿ ಹಚ್ಚಿದ್ವಿ ಅದೇ ಉರಿ ಪ್ಯಾಚೇ ಎಬ್ಬಸ್ತದ. ಕೈ ತೊಳದು ಪೂರಾ ಒಣಗಿಸಿ, ಕೂದಲು ಕತ್ರಿಯಿಂದ ಕತ್ತರಿಸಿ (ಬ್ಲೇಡಿನಿಂದ ಬೋಳಿಸಬ್ಯಾಡ್ರಿ), ಮ್ಯಾಲ ಸಡಿಲ ಗಾಜ್ ಪಟ್ಟಿ ಒಂದು ಸುತ್ತು ಸುತ್ತಿದ್ರ ಪರವಾಗಿಲ್ಲ. ನಾವು ಈಗ ರಾತ್ರಿ ಊಟ ಆದ್ಮ್ಯಾಲ ಹಚ್ಚಿ ಮುಂಜಾನಿ ತಗೀತೀವಿ, ನಿದ್ದಿ ಬಂದ್ರ ಅರ್ಧ ಬ್ಯಾನಿ ಹೋದಂಗೇ.

ಸೈಜ್ ಬಗ್ಗೆ ನನ್ನ ದೊಡ್ಡ ತಕರಾರು. ಮಣಿಕಟ್ಟಿಗಿ ಬೇಕಾಗಿದ್ದು ಅಂಗೈಯಷ್ಟೂ ಇಲ್ಲ, ಪ್ಯಾಚ್ ನೋಡಿದ್ರ ಬೆನ್ನಿಗಿ ಹಚ್ಚೋ ಅಷ್ಟು. ಹಿಂದಿನ ಹಾಳಿ ಸುಲಿಯೋಕಿಂತ ಮೊದಲ ಕತ್ರಿಯಿಂದ ಕತ್ತರಿಸಬಹುದು, ಅದಕ್ಕ ಅಡ್ಡಿ ಇಲ್ಲ, ಆದ್ರ ಉಳಿದ ತುಂಡು ಎತ್ತಿಟ್ರ ಜೆಲ್ ಒಣಗಿ ಮಾರನೇ ದಿನ ಹತ್ತಂಗಿಲ್ಲ. ಮೊದಲೇ ತುಟ್ಟಿ ಮಾಲು, ಅರ್ಧ ಚೆಲ್ಲೋದಂದ್ರ ಹೊಟ್ಟಿ ಉರೀತದ. ಸಣ್ಣ ಸೈಜ್ ಮಾಡಿ ಮಾರಾಕ ಏನ್ ಧಾಡಿ ಇವ್ರಿಗಿ? ಇನ್ನ ತಗೊಳೋವಾಗ ಹುಷಾರ್ ಇರ್ರಿ, ಒಂದು ಮೆಡಿಕಲ್ ಅಂಗಡಿಯಾಗ ಲಿಡೋಕೇನ್ ಪ್ಯಾಚ್ ಕೇಳಿದ್ರ "ಎಲ್ಲಾ ಒಂದೇ ಅಕ್ಕಾ" ಅಂತ ಮೆಂಥಾಲ್ ಪ್ಲಾಸ್ಟರ್ ಕೊಟ್ಟು ಕಳಿಸಿದ್ರು, ಉರಿಯೋ ನರಕ್ಕ ಮೆಂಥಾಲ್ ಹಚ್ಚಿದಾಗ ಮನಿಯವ್ರು ಕೂಗಿದ ಕೂಗು ಓಣಿಗೆಲ್ಲ ಕೇಳಿಸ್ತು. ಪಾಕೀಟಿನ ಮ್ಯಾಲ ಔಷಧದ ಹೆಸರು ಓದೇ ತಗೋರಿ.

ಫಾಯ್ದಾ ಎಷ್ಟು ಅಂದ್ರ, ಪೂರಾ ಹೋಗ್ಯಾದ ಅಂತ ಹೇಳಂಗಿಲ್ಲ. ಹತ್ತಕ್ಕ ಎಂಟು ಅಂತಿದ್ದವ್ರು ಈಗ ನಾಲ್ಕು ಐದು ಅಂತಾರ, ಅಂಗಿ ತೋಳಿನ ಉರಿ ಚಲೋ ಇಳದದ, ಫ್ಯಾನ್ ಕೆಳಗ ಮಲಗ್ತಾರ. ರಾತ್ರಿ ಚುಳುಕು ಮಾತ್ರ ಕಮ್ಮಿ ಆದ್ರೂ ನಿಂತಿಲ್ಲ. ಯಾಕ ಅಂತ ಮ್ಯಾಲ ಬರ್ದಿದ್ದರಾಗೇ ಅದ: ಪ್ಯಾಚಿನ ಔಷಧ ಚರ್ಮ, ಚರ್ಮದ ಕೆಳಗಿನ ಎಳಿ ತನಕ ಹೋಗ್ತದ, ಕುತ್ತಿಗಿ ಹತ್ರದ ಗಂಟಿನಾಗ ಕೂತ ಕೋಶ ತಾನೇ ಸಿಡಿದ್ರ ಅದನ್ನ ಮುಟ್ಟಂಗಿಲ್ಲ, ಬೆನ್ನುಹುರಿ ಅಂತೂ ದೂರದ ಮಾತು. ಅದಕ್ಕೇ ಡಾಕ್ಟರು ರಾತ್ರಿಗಿ ಪ್ರೆಗಾಬಲಿನ್ ಗುಳಿಗೀನೂ ಕೊಟ್ಟಾರ. ಪೆಟ್ಟು ತಿಂದ ನರಕೋಶ ಕ್ಯಾಲ್ಸಿಯಂ ಚಾನಲ್ಲಿನ ಆಲ್ಫಾ2-ಡೆಲ್ಟಾ ಅನ್ನೋ ಭಾಗ ಜಾಸ್ತಿ ಮಾಡ್ತದ, ಈ ಗುಳಿಗಿ ಅದಕ್ಕ ಅಂಟಿ ಬೆನ್ನುಹುರಿದಾಗ ಸುದ್ದಿ ದಾಟಿಸೋದನ್ನ ಕಮ್ಮಿ ಮಾಡ್ತದ. ತಲಿ ತಿರಗೋದು, ಮಂಪರು ಬರೋದು ಅದರ ಕಾಟ, ಮಿಷಿನ್ ಮುಂದ ನಿಲ್ಲೋರು ಹಗಲಿಗಿ ನುಂಗಬಾರದು, ತಮ್ಮಷ್ಟಕ್ಕ ತಾವೇ ಒಮ್ಮಿಗೇ ನಿಲ್ಲಿಸಲೂಬಾರದು. ಪ್ಯಾಚಿಗಿ ಈ ಮಂಪರು ಇಲ್ಲ, ನನ್ನ ಕಣ್ಣಾಗ ಅದರ ದೊಡ್ಡ ಗುಣ ಇದೇ. 2015ರ ಅಂತಾರಾಷ್ಟ್ರೀಯ ತಜ್ಞರ ಶಿಫಾರಸಿನಾಗ ಪ್ರೆಗಾಬಲಿನ್, ಅಮಿಟ್ರಿಪ್ಟಿಲಿನ್ ಅಂಥಾ ಗುಳಿಗಿ ಮೊದಲ ಸಾಲಿನಾಗ, ಈ ಪ್ಯಾಚ್ ಎರಡನೇ ಸಾಲಿನಾಗ ಇಟ್ಟಾರ. ಇಟ್ಟಿದ್ದು ಸರಿ ಅಂತೀನಿ, ಆದ್ರ ಅಂಗೈಯಷ್ಟೇ ಜಾಗಾ, ಮುಟ್ಟಿದ್ರ ಉರಿ, ಹಗಲಿಗಿ ಮಿಷಿನ್ ಕೆಲಸ ಇದ್ದವ್ರು ಮೊದಲೇ ಇದನ್ನ ಕೇಳಿ ನೋಡ್ರಿ.

"ಚಾನಲ್ಲೇ ಬಂದ್ ಮಾಡೋದಾದ್ರ ನೋವಿನ ಚಾನಲ್ ಒಂದನ್ನೇ ಬಂದ್ ಮಾಡೋ ಗುಳಿಗಿ ಯಾಕಿಲ್ಲ" ಅಂತ ನಮ್ಮ ಹತ್ತನೇ ಕ್ಲಾಸಿನ ಹುಡುಗಿ ಕೇಳ್ಯಾಳ. 2006ರಾಗ ಪಾಕಿಸ್ತಾನದ ಕೆಲವು ಕುಟುಂಬದ ಮಕ್ಕಳನ್ನ ನೋಡಿದ್ರು, ಎನ್‌ಎವಿ1.7 ಚಾನಲ್ ಕೆಲಸ ಮಾಡದೇ ಹುಟ್ಟಿದಾಗಿಂದ ನೋವೇ ಗೊತ್ತಿಲ್ಲ ಅವ್ರಿಗಿ, ಅವತ್ತಿಂದ ಕಂಪನಿಗಳು ಅದರ ಹಿಂದ ಬಿದ್ದಾವ. ಅದರ ಬಾಜೂಕಿನ ಎನ್‌ಎವಿ1.8 ತಡಿಯೋ ಸುಜೆಟ್ರಿಜಿನ್ ಅನ್ನೋ ಗುಳಿಗಿಗಿ ಅಮೆರಿಕಾದಾಗ 2025ರ ಜನವರಿ 30ಕ್ಕ ಪರವಾನಗಿ ಸಿಕ್ತು. ಅದು ಆಪರೇಷನ್ ಆದ್ಮ್ಯಾಲಿನಂಥಾ ತಾಜಾ ನೋವಿಗಿ, ಹಳೇ ನರದ ಉರಿಗಿ ಅಲ್ಲ, ಹಂಗಾಗಿ ಯಾರಾರ ಆ ಹೆಸರು ಹೇಳಿ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ.

ಐದಕ್ಕ ಮೂರೂವರಿ ಸ್ಟಾರ್. ಒಂದು ಕಟ್ ಮಾಡಿದ್ದು ಸೈಜಿಗಿ ಮತ್ತ ರೇಟಿಗಿ, ಅರ್ಧ ಅಂಟಿಗಿ. ಇನ್ನ ಚಿಕ್ಕ ಮಕ್ಕಳಿರೋ ಮನಿಯವ್ರು ಇದೊಂದು ನೋಡ್ಕೋರಿ: 12 ತಾಸು ಇಟ್ಟು ತಗದ ಪ್ಯಾಚಿನಾಗೂ 700 ಮಿಲಿಗ್ರಾಮಿನ ಭಾಳಷ್ಟು ಔಷಧ ಹಂಗೇ ಉಳಿದಿರ್ತದ, ಚರ್ಮದೊಳಗ ಹೋಗೋದು ಸ್ವಲ್ಪೇ ಸ್ವಲ್ಪ. ಜೆಲ್ ಒಳಗ ಬರೋ ಹಂಗ ಮಡಚಿ, ಹಾಳಿದಾಗ ಸುತ್ತಿ, ಮುಚ್ಚಳ ಇರೋ ಡಬ್ಬಿಗಿ ಹಾಕ್ರಿ, ಆಮ್ಯಾಲ ಕೈ ತೊಳೀರಿ. ಅಂಗಳದಾಗ ಒಗದ್ರ ಕೂಸು ಇಲ್ಲಾ ನಾಯಿ ಬಾಯಿಗಿ ಹಾಕ್ಕೊಂಡ್ರ ಜೀವಕ್ಕ ಕುತ್ತು.